ನೆರೆಯಲ್ಲಿ ನೆನೆದ ಹಲಗೆ, ತಗಡು, ಮೆಕ್ಕಲು: ಇವುಗಳಿಂದ ಪ್ರಿಂಟ್ ತೆಗೆಯುವುದು ಹೇಗೆ?

ಹಲಗೆಬಳಪ (ಪ್ರಶ್ನೆ)

ನೆರೆ ಇಳಿದ ಮೇಲೆ ತೆರವು ಮಾಡಿದ ರಾಶಿಯಿಂದ ಆರಿಸಿಟ್ಟಿರುವ ಸಾಮಾನು ಹೀಗಿದೆ. ಹಳೇ ಬಾಗಿಲಿನ ಹಲಗೆ ನಾಲ್ಕು, ಪ್ರತಿಯೊಂದೂ ಸುಮಾರು 60×25 ಸೆಂ.ಮೀ., ದಪ್ಪ 25 ಮಿ.ಮೀ. ಅವುಗಳಲ್ಲಿ ಎರಡರ ಮೇಲೆ ಹಸಿರು ಪೇಂಟು ಸಿಪ್ಪೆ ಎದ್ದಿದೆ. ಉರುಳಿದ ಮರದಿಂದ ಅಡ್ಡ ಕೊಯ್ದ ಬಿಲ್ಲೆ ಒಂದು, ವ್ಯಾಸ 40 ಸೆಂ.ಮೀ., ದಪ್ಪ 6 ಸೆಂ.ಮೀ. ಜೊತೆಗೆ ಪದರ ಬಿಟ್ಟ ಪ್ಲೈವುಡ್, ನುಗ್ಗಾದ ಜಿಂಕ್ ಶೀಟು, ಒಂದು ಬಕೆಟ್ ಮೆಕ್ಕಲು ಮಣ್ಣು.

20 ಪ್ರತಿಗಳ ಒಂದು ಎಡಿಷನ್ ಮಾಡಬೇಕು. ಪ್ರೆಸ್ ಇಲ್ಲ, ಇಂಕ್ ಹಚ್ಚಿದ ಹಲಗೆಯ ಮೇಲೆ ಕಾಗದ ಇಟ್ಟು ಕೈಯಲ್ಲೇ ಉಜ್ಜಿ ತೆಗೆಯಬೇಕು. ಒಂದು ಹಲಗೆಯನ್ನು ವಾರ ಪೂರ್ತಿ ಬಿಸಿಲಿಗೆ ಇಟ್ಟು ಪ್ರಯೋಗ ಮಾಡಿದ್ದಾಯಿತು. ಅದು ದೋಣಿಯ ಹಾಗೆ ಬಾಗಿದೆ, ಒಂದು ತುದಿ ಬೆರಳುದ್ದ ಸೀಳಿದೆ. ಪ್ರೂಫ್‌ನಲ್ಲಿ (ಪರೀಕ್ಷೆಗೆ ತೆಗೆದ ಪ್ರತಿಯಲ್ಲಿ) ನಡುಭಾಗ ಬೋಳು, ಅಂಚು ಮಾತ್ರ ಕಪ್ಪು. ಸಾಲದ್ದಕ್ಕೆ ಮೊಳೆ ಇದ್ದ ಜಾಗದಲ್ಲಿ ಮಾರನೇ ದಿನ ಕಾಗದದ ಮೇಲೆ ನೀಲಿಗಪ್ಪು ಕಲೆ ಕಾಣಿಸಿಕೊಂಡಿದೆ. ಹಲಗೆಗೆ ಕೀಸುಳಿ ಹಾಕಿ ಸಪಾಟು ಮಾಡಿಬಿಡಲೇ? ಆ ಮೆಕ್ಕಲಿನಿಂದಲೇ ಇಂಕ್ ಮಾಡಲು ಆಗುತ್ತದೆಯೇ?

ಚೇಗು

ಬಾಗಿದ್ದಕ್ಕೆ ನೆರೆ ಕಾರಣವಲ್ಲ, ಬಿಸಿಲು ಕಾರಣ. ಮರದ ತೇವಾಂಶ ಶೇಕಡಾ 28-30ರಿಂದ ಕೆಳಗೆ ಇಳಿದ ಮೇಲೆಯೇ ಅದು ಕುಗ್ಗಲು ಶುರುವಾಗುವುದು. ಬಿಸಿಲು ಬಿದ್ದ ಮುಖ ಆ ಮಟ್ಟಕ್ಕೆ ಮೊದಲು ಬಂದು ಕುಗ್ಗಿತು, ನೆಲಕ್ಕಿದ್ದ ಮುಖ ಇನ್ನೂ ಒದ್ದೆಯಾಗಿಯೇ ಇತ್ತು. ಹಲಗೆ ಒಣಗಿದ ಕಡೆಗೆ ಬಾಗಿತು. ತುದಿ ಸೀಳಿದ್ದಕ್ಕೆ ಬೇರೆ ಕಾರಣ. ಮರದ ನಾಳಗಳೆಲ್ಲ ತುದಿಯಲ್ಲಿ ಬಾಯಿ ತೆರೆದಿರುತ್ತವೆ, ಹಾಗಾಗಿ ನೀರು ಅಲ್ಲಿಂದ ಹಲವು ಪಟ್ಟು ಬೇಗ ಹೊರಬೀಳುತ್ತದೆ.

ಉಳಿದ ಮೂರನ್ನು ಹೀಗೆ ಒಣಗಿಸಿ. ಮೊದಲು ಎರಡೂ ತುದಿಗಳಿಗೆ ಕರಗಿಸಿದ ಮೇಣ ಅಥವಾ ದಪ್ಪ ಪೇಂಟು ಬಳಿಯಿರಿ. ನೆರಳಿನಲ್ಲಿ, ಗಾಳಿ ಆಡುವ ಕಡೆ, ನೆಲದಿಂದ ಒಂದಡಿ ಎತ್ತರದಲ್ಲಿ ಒಂದರ ಮೇಲೊಂದು ಪೇರಿಸಿ. ಪ್ರತಿ ಎರಡು ಹಲಗೆಯ ನಡುವೆ 20 ಮಿ.ಮೀ. ದಪ್ಪದ ಪಟ್ಟಿಗಳು ಬೇಕು. 60 ಸೆಂ.ಮೀ. ಉದ್ದಕ್ಕೆ ಮೂರು ಪಟ್ಟಿ ಸಾಕು, ಆದರೆ ಮೇಲಿನ ಪಟ್ಟಿ ಕೆಳಗಿನ ಪಟ್ಟಿಯ ನೇರಕ್ಕೇ ಬರಬೇಕು. ತಪ್ಪಿದರೆ ಪಟ್ಟಿಯೇ ಹಲಗೆಯನ್ನು ಬಗ್ಗಿಸುತ್ತದೆ. ಮೇಲೆ 15-20 ಕೆ.ಜಿ. ಭಾರ ಇಡಿ. ಬಾಗಿಲಿನ ಮರ ಹಿಂದೆಯೇ ಒಣಗಿ ಹದಗೊಂಡಿದ್ದು, ಈಗ ನೆನೆದಿದೆ ಅಷ್ಟೆ. ಆದ್ದರಿಂದ ಹಸಿ ಮರದಂತೆ ವರ್ಷ ಕಾಯಬೇಕಿಲ್ಲ, ಕೆಲವು ವಾರಗಳು ಸಾಕು. ಮಾಯಿಶ್ಚರ್ ಮೀಟರ್ ಇಲ್ಲದಿದ್ದರೆ ತೂಕ ನೋಡಿ. ಈ ಅಳತೆಯ ಹಲಗೆ ಒಣಗಿದಾಗ ಎರಡೂವರೆ ಕೆ.ಜಿ. ಆಸುಪಾಸು ಬರುತ್ತದೆ. ವಾರಕ್ಕೊಮ್ಮೆ ತೂಗಿ, ಎರಡು ವಾರದ ನಡುವಿನ ವ್ಯತ್ಯಾಸ 25 ಗ್ರಾಂಗಿಂತ ಕಡಿಮೆಯಾದರೆ ಕೆಲಸಕ್ಕೆ ಸಿದ್ಧ.

ಬಾಗಿದ ಹಲಗೆ ಕೆಟ್ಟಿಲ್ಲ. ತಗ್ಗಾದ ಮುಖಕ್ಕೆ ಒದ್ದೆ ಬಟ್ಟೆ ಹಾಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸಪಾಟಾದ ಬೋರ್ಡಿಗೆ ಕ್ಲ್ಯಾಂಪ್ ಹಾಕಿ, ಎರಡೂ ಮುಖಕ್ಕೆ ಗಾಳಿ ಸಿಗುವಂತೆ ಒಣಗಿಸಿ. ಅದಕ್ಕೂ ಬಗ್ಗದಿದ್ದರೆ ಹಿಂಭಾಗದಲ್ಲಿ ಎಳೆಯ ಉದ್ದಕ್ಕೇ, 25 ಮಿ.ಮೀ.ಗೆ ಒಂದರಂತೆ, ದಪ್ಪದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಗರಗಸದ ಗೀರು ಹಾಕಿದರೆ ಭಾರಕ್ಕೆ ಮಣಿಯುತ್ತದೆ. ಮುದ್ರಿಸುವ ಮುಖಕ್ಕೆ ಕೀಸುಳಿ ಹಾಕುವುದು ಕೊನೆಯ ದಾರಿ. ಬೇಕೇ ಬೇಕು ಅಂದರೆ ಒಂದು ಮಿ.ಮೀ.ಗಿಂತ ಹೆಚ್ಚು ತೆಗೆಯಬೇಡಿ.

ಬಿಲ್ಲೆಯ ಲೆಕ್ಕವೇ ಬೇರೆ. ಅದು ಹಸಿ ಮರ, ಬಿರುಕು ಬಿಡದೆ ಇರುವುದಿಲ್ಲ. ಉಂಗುರದ ಗುಂಟ ಆಗುವ ಕುಗ್ಗು ನಡುವಿನಿಂದ ಅಂಚಿಗೆ ಆಗುವ ಕುಗ್ಗಿನ ಸುಮಾರು ಎರಡರಷ್ಟು. ಸುತ್ತಳತೆ ಕಡಿಮೆಯಾಗಬೇಕು, ಆದರೆ ತ್ರಿಜ್ಯ ಅಷ್ಟು ಕಡಿಮೆಯಾಗುವುದಿಲ್ಲ. ಆ ಕೊರತೆಯೇ ಅಂಚಿನಿಂದ ತಿರುಳಿಗೆ ಹೋಗುವ ಬೆಣೆಯಾಕಾರದ ಸೀಳು. ಎಲ್ಲಿ ಸೀಳಬೇಕೆಂದು ನೀವೇ ತೀರ್ಮಾನಿಸಬೇಕಿದ್ದರೆ ಈಗಲೇ ಅಂಚಿನಿಂದ ತಿರುಳಿನವರೆಗೆ ಒಂದು ಗರಗಸದ ಕೊಯ್ತ ಹಾಕಿ. ಬಹುಪಾಲು ಎಳೆತ ಅಲ್ಲೇ ಬಾಯಿ ಬಿಡುತ್ತದೆ. ಒಂದು ಮುಖಕ್ಕೆ ಮೇಣ ಬಳಿದು, ಕಾಗದದ ಚೀಲದಲ್ಲಿ ಮೂರ್ನಾಲ್ಕು ತಿಂಗಳು ಬಿಡಿ. ಅಷ್ಟರಲ್ಲಿ ಮೇಲ್ಮೈ ಇಂಕ್ ಹಿಡಿಯುವಷ್ಟು ಒಣಗಿರುತ್ತದೆ, ಒಳಗೆ ಇನ್ನೂ ಹಸಿ. ಹಾಗಾಗಿ 20 ಪ್ರತಿಯನ್ನೂ ಒಂದೇ ವಾರದಲ್ಲಿ ಮುಗಿಸಿ. ತಿಂಗಳು ಬಿಟ್ಟು ಬಂದರೆ ಸೀಳು ಅಗಲವಾಗಿ, ಹನ್ನೊಂದನೇ ಪ್ರತಿ ಹತ್ತನೆಯದಕ್ಕೆ ಹೊಂದುವುದಿಲ್ಲ.

ಮಾಸ್ಕ್‌ಮೊದಲು

ಉಳಿ ಹಿಡಿಯುವ ಮೊದಲು ಇದನ್ನು ಓದಿ. ಈ ಚರ್ಚೆಗಳಲ್ಲಿ ಇದು ಯಾವಾಗಲೂ ಕೊನೆಯ ಸಾಲಾಗಿ ಬರುತ್ತದೆ, ಬರಬಾರದು.

ಆ ಹಸಿರು ಪೇಂಟನ್ನು ಒಣದಾಗಿ ಉಜ್ಜಬೇಡಿ, ಟಾರ್ಚ್‌ನಿಂದ ಸುಡಬೇಡಿ. ಹಳೇ ಹಸಿರು, ಹಳದಿ, ಕೇಸರಿ ಪೇಂಟುಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಉಜ್ಜಿದರೆ ಧೂಳು, ಸುಟ್ಟರೆ ಹೊಗೆ, ಎರಡೂ ಶ್ವಾಸಕೋಶಕ್ಕೆ. ಪ್ಲಾಸ್ಟಿಕ್ ಹಾಸಿ, ನೀರು ಸಿಂಪಡಿಸಿ, ಸಡಿಲವಾದ ಸಿಪ್ಪೆಯನ್ನು ಮಾತ್ರ ಒದ್ದೆಯಾಗಿಯೇ ಕೆರೆಯಿರಿ. ಗಟ್ಟಿಯಾಗಿ ಅಂಟಿಕೊಂಡಿದ್ದನ್ನು ಅಲ್ಲೇ ಬಿಟ್ಟು ಶೆಲ್ಲಾಕ್‌ನಿಂದ (ಅರಗಿನ ವಾರ್ನಿಷ್) ಮುಚ್ಚಿ. ಸಿಪ್ಪೆ ಎದ್ದ ಅಂಚುಗಳು ಪ್ರಿಂಟ್‌ನಲ್ಲಿ ಚೆನ್ನಾಗಿಯೇ ಬರುತ್ತವೆ. ಕೆತ್ತುವುದಿದ್ದರೆ ಹಲಗೆ ಮಗುಚಿ ಹಿಂಬದಿಯಲ್ಲಿ ಕೆತ್ತಿ.

ಹಸಿರು ಛಾಯೆ ಪೇಂಟಿನದ್ದಲ್ಲ, ಮರದೊಳಗೇ ಇಳಿದಿದೆ ಅನ್ನಿಸಿದರೆ ಅದು ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಹಾಕಿ ಸಂಸ್ಕರಿಸಿದ ಮರ ಇರಬಹುದು. ಅದನ್ನು ಮುಟ್ಟಬೇಡಿ. ಚೂರಾದ ಸಿಮೆಂಟ್ ಶೀಟು ರಾಶಿಯಲ್ಲಿದ್ದರೆ ಅದನ್ನೂ ಬಿಟ್ಟುಬಿಡಿ. ಕಲ್ನಾರು (ಆಸ್ಬೆಸ್ಟಸ್) ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ.

ನೆರೆಯ ಕೆಸರು ಎಂದರೆ ಚರಂಡಿಯ ಕೆಸರೂ ಹೌದು. ರಬ್ಬರ್ ಗ್ಲೌಸ್, ದಪ್ಪ ಅಡಿಯ ಬೂಟು, ಧನುರ್ವಾಯು ಲಸಿಕೆ ಇವು ಬೇಕೇ ಬೇಕು. ಹಲಗೆಯನ್ನು ಸೋಪಿನ ನೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಬೂಷ್ಟು ಕಂಡರೆ ಎನ್95 ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಶೇಕಡಾ 70ರ ಆಲ್ಕೋಹಾಲ್ ಹಚ್ಚಿ. ಒಣ ಬ್ರಷ್ ಹಾಕಿದರೆ ಬೂಷ್ಟಿನ ಬೀಜಕಣ ಕೋಣೆ ತುಂಬ ಹರಡುತ್ತದೆ. ಬ್ಲೀಚ್ ಸುರಿಯುವವರಿದ್ದಾರೆ. ಅದರ ಕ್ಲೋರಿನ್ ಮೇಲ್ಮೈಯಲ್ಲೇ ನಿಲ್ಲುತ್ತದೆ, ನೀರು ಮಾತ್ರ ಮರದೊಳಗೆ ಇಳಿಯುತ್ತದೆ, ಉಳಿದ ಅಂಶ ಮುಂದೆ ನಿಮ್ಮ ಕಾಗದವನ್ನೂ ತಿನ್ನುತ್ತದೆ.

ಇನ್ನೊಂದು ಮಾತು. ಬಾಗಿಲು ಯಾರದ್ದೋ ಮನೆಯದ್ದು. ನಷ್ಟದ ಲೆಕ್ಕ, ಫೋಟೊ ಎಲ್ಲ ಮುಗಿಯುವ ಮೊದಲು ರಾಶಿಯಿಂದ ಸಾಮಾನು ಎತ್ತಿದರೆ ಅವರ ಪುರಾವೆಯನ್ನೇ ಎತ್ತಿದ ಹಾಗೆ. ಕೇಳಿ ತನ್ನಿ. ಹೆಸರು, ಮನೆ ನಂಬರ್ ಇರುವ ಹಲಗೆಯಾದರೆ ಅದು ಪ್ರಿಂಟ್‌ನಲ್ಲಿ ಕಾಣಬಹುದೇ ಎಂದೂ ಕೇಳಿ.

ಮಸಿಕೈ

ಚೇಗು ಹೇಳಿದ ಒಣಗಿಸುವ ಕ್ರಮ ಸರಿಯಾಗಿದೆ. ಕೀಸುಳಿ ವಿಷಯದಲ್ಲಿ ಮಾತ್ರ ಒಂದು ಮಿ.ಮೀ. ಕೂಡ ಒಪ್ಪುವುದಿಲ್ಲ. ನೆರೆ ಆ ಹಲಗೆಗೆ ಮಾಡಿದ್ದೆಲ್ಲ ಇರುವುದು ಆ ಒಂದು ಮಿ.ಮೀ.ನಲ್ಲೇ: ಎದ್ದ ಎಳೆ, ಕಲ್ಲು ಉಜ್ಜಿದ ಗೀರು, ಬೋಲ್ಟಿನ ಸುತ್ತ ತಿಂದ ತಗ್ಗು. ಅದನ್ನು ತೆಗೆದ ಮೇಲೆ ಅಂಗಡಿಯಿಂದ ತಂದ ಹಲಗೆಗೂ ಇದಕ್ಕೂ ಏನು ವ್ಯತ್ಯಾಸ? ಹಲಗೆ ಉಬ್ಬುತಗ್ಗಾಗಿದ್ದರೆ ತೆಳು ಕಾಗದ ಹಾಕಿ ಕೈಯಲ್ಲಿ ಉಜ್ಜಿ. ಪ್ರೆಸ್ ಇಲ್ಲದಿರುವುದು ಈ ಕೆಲಸದಲ್ಲಿ ಅನುಕೂಲವೇ. ಪ್ರೆಸ್ಸಿಗೆ ಸಮ ದಪ್ಪ ಬೇಕು, ಕೈಗೆ ಬೇಡ.

ಉಳಿ ತಾಕಿಸುವ ಮೊದಲು ಹಲಗೆ ಇದ್ದ ಹಾಗೆಯೇ ಒಂದು ಪ್ರೂಫ್ ತೆಗೆಯಿರಿ. ಎಷ್ಟೋ ಸಲ ಕೆತ್ತುವುದಕ್ಕೆ ಇನ್ನೇನೂ ಉಳಿದಿರುವುದಿಲ್ಲ. ಉಳಿದಿದ್ದರೆ ಎಲ್ಲಿ ಬಿಡಬೇಕು ಎನ್ನುವುದನ್ನು ಆ ಪ್ರೂಫೇ ತೋರಿಸುತ್ತದೆ.

ಮೊಳೆ: ಅಯಸ್ಕಾಂತ ಆಡಿಸಿ ಎಲ್ಲವನ್ನೂ ಹುಡುಕಿ ಕೀಳಿ. ನಿಮ್ಮ ನೀಲಿಗಪ್ಪು ಕಲೆ ಇಂಕಿನದ್ದಲ್ಲ. ತುಕ್ಕಿನ ಕಬ್ಬಿಣ, ಮರದ ಟ್ಯಾನಿನ್ (ಒಗರು ಅಂಶ) ಮತ್ತು ತೇವದ ಕಾಗದ ಸೇರಿ ಆದ ಮಸಿ ಅದು, ಹಳೇ ಕಾಲದ ಬರವಣಿಗೆ ಮಸಿಯನ್ನು ಮಾಡುತ್ತಿದ್ದ ರೀತಿಯೂ ಇದೇ. ಒಂದು ಲೀಟರ್ ನೀರಿಗೆ 50 ಗ್ರಾಂ ಆಕ್ಸಾಲಿಕ್ ಆಮ್ಲ ಹಾಕಿ ಹಚ್ಚಿದರೆ ಮರದ ಕಲೆ ಹೋಗುತ್ತದೆ (ಅದು ವಿಷ, ಗ್ಲೌಸ್ ಹಾಕಿ, ಎರಡು ಸಲ ತೊಳೆಯಿರಿ). ತೂತಿನ ಒಳಗೆ ಉಳಿದ ತುಕ್ಕಿನ ಮೇಲೆ ಮೇಣ ತುಂಬಿ. ಒಣ ಕಾಗದದಲ್ಲಿ ಮುದ್ರಿಸಿದರೆ ಈ ರಗಳೆ ಅರ್ಧಕ್ಕರ್ಧ ಕಡಿಮೆ.

ಎಳೆ ಎಬ್ಬಿಸುವುದು: ಹಿತ್ತಾಳೆ ತಂತಿಯ ಬ್ರಷ್, ಎಳೆಯ ಉದ್ದಕ್ಕೆ ಮಾತ್ರ. ಅಡ್ಡ ಎಳೆದರೆ ಬ್ರಷ್ಷಿನ ಗೀರೇ ಪ್ರಿಂಟ್ ಆಗುತ್ತದೆ. ಮೆದು ಪದರ ಅರ್ಧದಿಂದ ಒಂದು ಮಿ.ಮೀ. ಇಳಿದರೆ ಸಾಕು. ಅದಕ್ಕಿಂತ ಆಳಕ್ಕೆ ಹೋದರೆ ರೋಲರ್ ಬರೀ ಏಣುಗಳಿಗೆ ತಾಗಿ, ಚಿತ್ರ ಬಾಚಣಿಗೆಯ ಹಲ್ಲಿನ ಹಾಗೆ ಕಾಣುತ್ತದೆ. ಬಿಲ್ಲೆಗಾದರೆ ಬ್ರಷ್ ಸಾಲದು. 80, 120, 220ರ ಸ್ಯಾಂಡ್‌ಪೇಪರ್ ಹಾಕಿ ನುಣುಪು ಮಾಡಿ, ಬ್ಲೋ ಟಾರ್ಚ್‌ನಿಂದ ಮೇಲ್ಮೈ ಕಪ್ಪಾಗುವಷ್ಟು ಸುಟ್ಟು, ಆಮೇಲೆ ಬ್ರಷ್ ಹಾಕಿ. ಮೆದು ಭಾಗ ಬೇಗ ಸುಟ್ಟು ಉದುರುತ್ತದೆ, ಗಟ್ಟಿ ಉಂಗುರ ನಿಲ್ಲುತ್ತದೆ. ಬೆರಳಿನಲ್ಲಿ ಉಜ್ಜಿದರೆ ಮಸಿ ಹತ್ತದಷ್ಟು ಒರೆಸಿ. ಇಲ್ಲದಿದ್ದರೆ ಆ ಇದ್ದಿಲು ಪುಡಿ ರೋಲರಿಗೆ ಹತ್ತಿ ಪ್ರತಿ ಪ್ರಿಂಟ್‌ನಲ್ಲೂ ಮರಳು ಚೆಲ್ಲಿದ ಹಾಗೆ ಚುಕ್ಕೆ.

ಶೆಲ್ಲಾಕ್: 200 ಮಿ.ಲೀ. ಡಿನೇಚರ್ಡ್ ಸ್ಪಿರಿಟ್‌ನಲ್ಲಿ 25 ಗ್ರಾಂ ಅರಗಿನ ಚಕ್ಕೆ, ಒಂದು ರಾತ್ರಿ ಕರಗಲಿ. ತೆಳುವಾಗಿ ಎರಡು ಕೈ, ನಡುವೆ ಒಂದೆರಡು ಗಂಟೆ. ದಪ್ಪ ಹಚ್ಚಿದರೆ ಎಳೆಯ ಸಂದು ಮುಚ್ಚಿಹೋಗುತ್ತದೆ. ಹಲಗೆಯ ಹಿಂಬದಿಗೂ ಒಂದು ಕೈ ಕೊಡಿ, ಒಂದೇ ಮುಖ ಮುಚ್ಚಿದರೆ ಮತ್ತೆ ಬಾಗುತ್ತದೆ. ಹೀಗೆ ಮುಚ್ಚಿದ ಹಲಗೆಯನ್ನು ಸ್ಪಿರಿಟ್‌ನಿಂದ ಒರೆಸಬೇಡಿ, ಶೆಲ್ಲಾಕೇ ಎದ್ದು ಬರುತ್ತದೆ. ಅಡುಗೆ ಎಣ್ಣೆ ಹಾಕಿ ಇಂಕ್ ಬಿಡಿಸಿ, ಒಣ ಬಟ್ಟೆಯಲ್ಲಿ ಒರೆಸಿ.

ಇಂಕ್: ಎಣ್ಣೆ ಆಧಾರದ ರಿಲೀಫ್ ಇಂಕ್ (ರಿಲೀಫ್ ಎಂದರೆ ಉಬ್ಬಿದ ಭಾಗದಿಂದ ಮುದ್ರಿಸುವುದು), ಸ್ವಲ್ಪ ಗಟ್ಟಿ. ಸಡಿಲ ಎನ್ನಿಸಿದರೆ ಮೆಗ್ನೀಸಿಯಂ ಕಾರ್ಬೊನೇಟ್ ಚಿಟಿಕೆ ಚಿಟಿಕೆಯಾಗಿ ಕಲಸಿ. ಗಾಜಿನ ಮೇಲೆ ರೋಲರ್ ಉರುಳಿಸುವಾಗ ಎಣ್ಣೆಯಲ್ಲಿ ಸಾಸಿವೆ ಸಣ್ಣಗೆ ಸಿಡಿದ ಹಾಗೆ ಸದ್ದು ಬರಬೇಕು. ಪಚಪಚ ಎಂದರೆ ಇಂಕ್ ಜಾಸ್ತಿಯಾಗಿದೆ. ಎಳೆ ಮಾತ್ರ ಬೇಕಿದ್ದರೆ ಗಟ್ಟಿ ರೋಲರ್, ತಗ್ಗಿನ ಭಾಗವೂ ಬೂದುಬಣ್ಣದಲ್ಲಿ ಬರಬೇಕಿದ್ದರೆ ಮೆದು ರೋಲರ್. ಒಮ್ಮೆಗೇ ದಪ್ಪ ಹಚ್ಚದೆ, ದಿಕ್ಕು ಬದಲಿಸುತ್ತ ಐದಾರು ತೆಳು ಸುತ್ತು. ಮೊದಲ ಮೂರ್ನಾಲ್ಕು ಪ್ರತಿ ಪೇಲವವಾಗಿ ಬರುತ್ತವೆ, ಮರ ಎಣ್ಣೆ ಕುಡಿಯುತ್ತಿರುತ್ತದೆ. ಅವನ್ನು ಎಣಿಕೆಗೆ ಹಿಡಿಯಬೇಡಿ.

ಕಾಗದ 40-60 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ), ಉದ್ದ ನಾರಿನ ಕೈಕಾಗದ. 200ರ ಕಾಗದ ಕೈ ಒತ್ತಡಕ್ಕೆ ತಗ್ಗಿಗೆ ಇಳಿಯುವುದಿಲ್ಲ, ನಿಮ್ಮ ಬೋಳು ನಡುಭಾಗಕ್ಕೆ ಬಾಗಿನ ಜೊತೆ ಇದೂ ಕಾರಣ ಇರಬಹುದು. ಮೇಲೆ ಬಟರ್ ಪೇಪರ್ ಇಟ್ಟು ಮರದ ಚಮಚದ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ಉಜ್ಜಿ. ಒಂದು ಅಂಚನ್ನು ಭಾರ ಇಟ್ಟು ಹಿಡಿದು, ಎದುರಿನ ಅಂಚು ಎತ್ತಿ ನೋಡಿ. ಪೇಲವ ಕಂಡಲ್ಲಿ ಸಣ್ಣ ರೋಲರ್‌ನಿಂದ ಮತ್ತೆ ಇಂಕ್ ಕೊಟ್ಟು, ಕಾಗದ ಇಳಿಸಿ ಮತ್ತೆ ಉಜ್ಜಬಹುದು. ಸಿಬುರು ಎದ್ದಿರುವಲ್ಲಿ ಕಾಗದ ಹರಿಯುತ್ತದೆ. ಸಿಬುರಿನ ಬುಡಕ್ಕೆ ಒಂದು ಹನಿ ಮರದ ಅಂಟು ಬಿಟ್ಟು ಒತ್ತಿಟ್ಟರೆ ಸರಿಹೋಗುತ್ತದೆ.

ಹಲಗೆ ತುಂಡಾಗಿದ್ದರೆ ಕೊರಗಬೇಡಿ. ನಾರ್ವೆಯ ಕಲಾವಿದ ಎಡ್ವರ್ಡ್ ಮುಂಕ್ ಚೆನ್ನಾಗಿದ್ದ ಹಲಗೆಯನ್ನೇ ಸಣ್ಣ ಗರಗಸದಿಂದ ತುಂಡು ಮಾಡಿ, ಒಂದೊಂದಕ್ಕೂ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ ಒಂದೇ ಸಲಕ್ಕೆ ಮುದ್ರಿಸುತ್ತಿದ್ದ. ನಿಮಗೆ ಆ ಗರಗಸದ ಕೆಲಸ ಉಳಿಯಿತು. ಜೋಡಿಸಲು ಬೋರ್ಡಿನ ಮೇಲೆ ಎಲ್ ಆಕಾರದಲ್ಲಿ ಎರಡು ಪಟ್ಟಿ ಹೊಡೆದುಕೊಳ್ಳಿ, ಇಲ್ಲದಿದ್ದರೆ ಉಜ್ಜುವಾಗ ತುಂಡುಗಳು ಜಾರುತ್ತವೆ.

ಮೆಕ್ಕಲುಮಿತ್ರ

ಇಂಕ್ ಖಂಡಿತ ಆಗುತ್ತದೆ, ಆದರೆ ಬಕೆಟ್ಟಿನಲ್ಲಿ ಕಾಣುವ ಬಣ್ಣ ಕಾಗದದ ಮೇಲೆ ಸಿಗುವುದಿಲ್ಲ. ಮೆಕ್ಕಲಿನಲ್ಲಿ ಬಹುಪಾಲು ಸ್ಫಟಿಕದ (ಬೆಣಚುಕಲ್ಲಿನ) ಸಣ್ಣ ಕಣ. ಅದು ಒಣಗಿದಾಗ ಬೆಳ್ಳಗೆ ಕಾಣುತ್ತದೆ, ಎಣ್ಣೆ ಸೇರಿದ ಕೂಡಲೇ ಪಾರದರ್ಶಕವಾಗಿಬಿಡುತ್ತದೆ. ಬಣ್ಣ ಕೊಡುವುದು ಜೇಡಿಗೆ ಅಂಟಿದ ಕಬ್ಬಿಣದ ಆಕ್ಸೈಡು. ಹಾಗಾಗಿ ಮರಳು ತೆಗೆದು ಜೇಡಿ ಉಳಿಸಿಕೊಳ್ಳುವುದೇ ಇಡೀ ಕೆಲಸ.

ಒಂದು ಪಾಲು ಮಣ್ಣಿಗೆ ಐದು ಪಾಲು ನೀರು ಹಾಕಿ ಚೆನ್ನಾಗಿ ಕದಡಿ. ನೀರಿನ ಆಳ 10 ಸೆಂ.ಮೀ. ಇರಲಿ. 30 ಸೆಕೆಂಡಿನಲ್ಲಿ ಮರಳು ತಳ ಸೇರುತ್ತದೆ. ಮೇಲಿನ ಕದಡನ್ನು ಇನ್ನೊಂದು ಪಾತ್ರೆಗೆ ಅಷ್ಟೇ ಆಳಕ್ಕೆ ಬಸಿದು ಮತ್ತೆ ಕದಡಿ, 5 ನಿಮಿಷ ಬಿಟ್ಟು ಪುನಃ ಬಸಿಯಿರಿ. ಈಗ 20 ಮೈಕ್ರಾನಿಗಿಂತ ದೊಡ್ಡ ಕಣ ಹಿಂದೆಯೇ ಉಳಿದಿರುತ್ತದೆ. ಬಸಿದ ನೀರನ್ನು ಒಂದೆರಡು ದಿನ ಕದಲಿಸದೆ ಇಟ್ಟು, ತಿಳಿ ಚೆಲ್ಲಿ, ಕೆಳಗಿನ ಗಂಜಿಯನ್ನು ತಟ್ಟೆಯಲ್ಲಿ ಒಣಗಿಸಿ. ಎರಡು ದಿನವಾದರೂ ತಿಳಿಯಾಗದಿದ್ದರೆ ಚಿಟಿಕೆ ಪಟಕ ಸಾಕು.

ಇದಕ್ಕೆ ತಿರುಗುಮುರುಗಾಗಿ, ಕದಡಿದ ನೀರು ಐದು ನಿಮಿಷದಲ್ಲೇ ತಿಳಿಯಾದರೆ ಖುಷಿಪಡಬೇಡಿ, ಅದು ಉಪ್ಪಿನ ಗುರುತು. ಸಮುದ್ರದ ನೀರು ನುಗ್ಗಿದ ಕಡೆಯ ಮಣ್ಣಿನಲ್ಲಿ ಜೇಡಿ ಕಣಗಳು ಉಪ್ಪಿನಿಂದ ಮುದ್ದೆಗಟ್ಟಿ ಮರಳಿನ ಜೊತೆಗೇ ಇಳಿಯುತ್ತವೆ, ಬೇರ್ಪಡಿಸಲು ಆಗುವುದಿಲ್ಲ. ಮೊದಲು ಮೂರ್ನಾಲ್ಕು ಸಲ ಸಿಹಿನೀರು ಹಾಕಿ, ಇಳಿಯಲು ಬಿಟ್ಟು, ಚೆಲ್ಲಿ, ಉಪ್ಪು ಹೋಗಿಸಿ. ಉಪ್ಪು ಉಳಿದರೆ ಇಂಕ್ ತೇವ ಎಳೆದುಕೊಂಡು ಪ್ರಿಂಟ್ ಜಿಗುಟಾಗಿಯೇ ಇರುತ್ತದೆ.

ಒಣಗಿದ್ದನ್ನು ಮಾಸ್ಕ್ ಹಾಕಿಕೊಂಡು ಅರೆದು (ಸಿಲಿಕಾ ಧೂಳು ಹುಡುಗಾಟವಲ್ಲ) ವಸ್ತ್ರಗಾಳಿತ ಮಾಡಿ. ಅಡುಗೆಗೆ ಬಳಸದ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟರೆ ರೋಗಾಣುವಿನ ಭಯ ಇಳಿಯುತ್ತದೆ. ಕಾರ್ಖಾನೆ, ಪೆಟ್ರೋಲ್ ಬಂಕ್ ಪಕ್ಕದ ಮಣ್ಣಾದರೆ ಅದರ ವಿಷ ಸುಟ್ಟರೂ ಹೋಗದು, ತರಲೇಬೇಡಿ. ಹಳದಿ ಮಣ್ಣನ್ನು 300 ಡಿಗ್ರಿ ದಾಟಿಸಿ ಕಾಯಿಸಿದರೆ ಕೆಂಪಿಗೆ ತಿರುಗುತ್ತದೆ, ಒಂದೇ ಬಕೆಟ್ಟಿನಿಂದ ಎರಡು ಬಣ್ಣ.

ಬೆರೆಸುವುದು: 100 ಗ್ರಾಂ ಪುಡಿಗೆ ಕಾಯಿಸಿ ದಪ್ಪಗೊಳಿಸಿದ ಅಗಸೆ ಎಣ್ಣೆ 30 ಗ್ರಾಂನಿಂದ ಶುರುಮಾಡಿ, 40ರ ಸುತ್ತ ಹದಕ್ಕೆ ಬರುತ್ತದೆ, ಜೇಡಿ ಹೆಚ್ಚಿದ್ದರೆ 50. ಗಾಜಿನ ಮೇಲೆ ಮುಲ್ಲರ್‌ನಿಂದ (ಚಪ್ಪಟೆ ತಳದ ಅರೆಯುವ ಗುಂಡು) ಅರ್ಧ ಗಂಟೆ ಅರೆಯಿರಿ. ಮೊದಲು ಹಿಟ್ಟಿನ ಹಾಗೆ ಪುಡಿಪುಡಿ, ಎಣ್ಣೆ ಸಾಲದು ಅನ್ನಿಸುತ್ತದೆ. ತಡೆದುಕೊಳ್ಳಿ, ಅರೆಯುತ್ತಾ ಹೋದ ಹಾಗೆ ತಾನೇ ಸಡಿಲವಾಗುತ್ತದೆ. ಆ ಹೊತ್ತಿಗೆ ಎಣ್ಣೆ ಸುರಿದವರಿಗೆ ಕೊನೆಗೆ ಸಿಗುವುದು ಸಾರು. ಮೊದಲ ಸಲ ಮಾಡುವವರು ಮೂರು ಪಾಲು ರೆಡಿಮೇಡ್ ಟ್ರಾನ್ಸ್‌ಪರೆಂಟ್ ಬೇಸ್‌ಗೆ (ಬಣ್ಣವಿಲ್ಲದ ಇಂಕ್) ಒಂದು ಪಾಲು ಪುಡಿ ಕಲಸುವುದು ಸುರಕ್ಷಿತ. ಬಣ್ಣ ತಿಳಿ ಎನ್ನಿಸಿದರೆ ಅದೇ ರಾಶಿಯ ಸ್ವಚ್ಛ ಮರದ ಇದ್ದಿಲು ಸೇರಿಸಬಹುದು. ಇದ್ದಿಲಿನಲ್ಲಿರುವ ಬೂದಿ ಕ್ಷಾರ, ಅದು ಎಣ್ಣೆಯನ್ನು ಸೋಪು ಮಾಡುತ್ತದೆ. ಆದ್ದರಿಂದ ಅರೆದ ಇದ್ದಿಲನ್ನು ಎರಡು ಮೂರು ನೀರಿನಲ್ಲಿ ತೊಳೆದೇ ಬಳಸಿ.

ಹಲಗೆಬಳಪ

ಬಹಳ ಉಪಕಾರವಾಯಿತು. ಬಿಲ್ಲೆಗೆ ಇಂದೇ ಕೊಯ್ತ ಹಾಕುವುದು, ಪೇಂಟಿನ ಹಲಗೆ ಎರಡನ್ನೂ ಮಗುಚುವುದು ಎಂದು ಗೊತ್ತುಮಾಡಿದ್ದಾಯಿತು. ಜಿಂಕ್ ಶೀಟನ್ನು ತುತ್ತದ (ಕಾಪರ್ ಸಲ್ಫೇಟ್) ದ್ರಾವಣದಲ್ಲಿ ಎಚ್ ಮಾಡಬಹುದೇ, ಅಂದರೆ ಗೆರೆ ತಿನ್ನಿಸಿ ಕೊರೆಯಬಹುದೇ? ಪ್ಲೈವುಡ್ ಎಸೆಯಬೇಕೇ?

ತಗಡುಪಟ್ಟಿ

ಜಿಂಕ್ ಶೀಟು ಅನ್ನುವುದು ಬಾಯಿಮಾತು. ಅದು ಉಕ್ಕಿನ ತಗಡು, ಮೇಲಿನ ಸತುವಿನ ಲೇಪ ದಪ್ಪದ್ದರಲ್ಲೂ ಮುಖಕ್ಕೆ 20 ಮೈಕ್ರಾನ್ ಆಸುಪಾಸು. ತುತ್ತ ಮತ್ತು ಉಪ್ಪಿನ ದ್ರಾವಣ ಸತುವಿನ ಪ್ಲೇಟಿಗೆ ಒಳ್ಳೆಯದು, ಇಲ್ಲಿ ಗೆರೆಗೆ ಆಳ ಬರುವ ಮೊದಲೇ ಸತುವು ಮುಗಿದುಹೋಗುತ್ತದೆ. ಮೇಲಾಗಿ ಎಚ್ ಮಾಡಿದ ಗೆರೆಯಿಂದ ಇಂಕ್ ಎತ್ತಲು ಪ್ರೆಸ್ಸಿನ ಒತ್ತಡವೇ ಬೇಕು, ಚಮಚಕ್ಕೆ ಆಗದು. ನಿಮಗೆ ಉಳಿದ ದಾರಿ ರಿಲೀಫ್. ತಗಡು ಕತ್ತರಿಯಿಂದ ಬೇಕಾದಷ್ಟು ಕತ್ತರಿಸಿ (ಗ್ಯಾಸ್ ಕಟ್ಟರ್ ಬೇಡ, ಸತುವಿನ ಹೊಗೆ ಜ್ವರ ತರಿಸುತ್ತದೆ), ಹಲಗೆಯ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿ, ಅಂಚನ್ನೆಲ್ಲ ಅರದಿಂದ ಉಜ್ಜಿ. ಬಿಳಿ ಪುಡಿ ಮತ್ತು ಸಡಿಲ ತುಕ್ಕನ್ನು ಸೋಪಿನ ನೀರಿನಲ್ಲಿ ತೆಗೆದು, ಒಣಗಿಸಿ, ಒಂದು ಕೈ ಶೆಲ್ಲಾಕ್ ಹಚ್ಚಿ ಗಟ್ಟಿ ರೋಲರ್ ಉರುಳಿಸಿ. ಮಡಿಕೆ ಬಿದ್ದ ಏಣು ಕಪ್ಪು ಗೆರೆಯಾಗಿ, ತುಕ್ಕು ತಿಂದ ಗುಳಿ ಬಿಳಿ ಚುಕ್ಕೆಯಾಗಿ ಬರುತ್ತದೆ.

ಪ್ಲೈವುಡ್ ಪದರ ಬಿಟ್ಟಿದ್ದು ಲಾಭವೇ. ಒಂದೊಂದೇ ಹಾಳೆ ಬಿಡಿಸಿ, ನ್ಯೂಸ್‌ಪ್ರಿಂಟ್ ನಡುವೆ ಭಾರದಡಿ ಒಣಗಿಸಿ, ಕಾಗದ ದಿನಕ್ಕೊಮ್ಮೆ ಬದಲಿಸಿ. ಆ ಹಾಳೆಗಳನ್ನು ಕತ್ತರಿಸಿ 3 ಮಿ.ಮೀ. ಹಾರ್ಡ್‌ಬೋರ್ಡಿಗೆ ಮರದ ಅಂಟಿನಿಂದ ಅಂಟಿಸಿದರೆ ಕೊಲಾಗ್ರಾಫ್ ಪ್ಲೇಟು. ಬಲೆ, ಗೋಣಿ ಎಳೆ, ಹಗ್ಗದ ಚೂರು ಸೇರಿಸಬಹುದು, ಒಟ್ಟು ಎತ್ತರ 2 ಮಿ.ಮೀ. ದಾಟಬಾರದು. ಬದಿಗಳನ್ನೂ ಬಿಡದೆ ಮೂರು ಕೈ ಶೆಲ್ಲಾಕ್. ಗಾಜು, ಹೆಂಚಿನ ಚೂರು ಮಾತ್ರ ಅಂಟಿಸಬೇಡಿ. ಉಜ್ಜುವಾಗ ಮೊದಲು ಕಾಗದ ಕೊಯ್ಯುತ್ತದೆ, ಆಮೇಲೆ ಬೆರಳು.

ದಪ್ಪ ವಸ್ತುಗಳ ಗುರುತು ಬೇಕೆಂದಿದ್ದರೆ ಇಂಕೇ ಇಲ್ಲದೆ ಕಾಗದದ ತಿರುಳಿನಲ್ಲಿ ಅಚ್ಚು ತೆಗೆಯಿರಿ. ಬಂಗಾಳದ ಕಲಾವಿದ ಸೋಮನಾಥ ಹೋರ್ 1970ರ ದಶಕದಲ್ಲಿ ಮಾಡಿದ ಬಿಳಿಯ ಮೇಲೆ ಬಿಳಿ ಪಲ್ಪ್ ಪ್ರಿಂಟ್‌ಗಳ ಕ್ರಮ ಇದಕ್ಕೆ ಹೇಳಿ ಮಾಡಿಸಿದ್ದು: ಜೇಡಿಮಣ್ಣಿನ ಹಾಳೆಯ ಮೇಲೆ ಗಾಯದಂಥ ಗುರುತು, ಅದರಿಂದ ಸಿಮೆಂಟಿನ ಅಚ್ಚು, ಅದರ ಮೇಲೆ ತಿರುಳು. ನೀವು 2 ಸೆಂ.ಮೀ. ಜೇಡಿ ಹಾಸಿ ಅದಕ್ಕೆ ಬೀಗ, ಚಿಲಕ, ಹೆಂಚು ಒತ್ತಿ ತೆಗೆದು, ಸುತ್ತ ಪಟ್ಟಿ ಕಟ್ಟಿ ಪ್ಲಾಸ್ಟರ್ ಸುರಿಯಿರಿ. 100 ಗ್ರಾಂ ಹತ್ತಿ ಕಾಗದ ಹರಿದು, ಮೂರು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಮಿಕ್ಸಿಯಲ್ಲಿ ತಿರುವಿ, ಸೋಸಿ, ಅಚ್ಚಿನ ಮೇಲೆ ಅರ್ಧ ಸೆಂ.ಮೀ. ಹರಡಿ ಸ್ಪಂಜಿನಿಂದ ಒತ್ತಿ ಒತ್ತಿ ನೀರು ಹೀರಿ. ಎರಡು ಮೂರು ದಿನಕ್ಕೆ ತಾನೇ ಅಂಚು ಬಿಡುತ್ತದೆ. ಒಳಮುಚ್ಚು ತಗ್ಗು (ಬಾಯಿ ಕಿರಿದು, ಒಳಗೆ ಅಗಲ) ಇದ್ದಲ್ಲಿ ಸಿಕ್ಕಿಕೊಂಡು ಹರಿಯುತ್ತದೆ, ಅವನ್ನು ಮೊದಲೇ ಜೇಡಿ ತುಂಬಿ ಮುಚ್ಚಿ. ಹಲಗೆಯ ಮೇಲೆ ನೇರವಾಗಿ ಒದ್ದೆ ತಿರುಳು ಹಾಕಲು ಹೋಗಬೇಡಿ. ಅಷ್ಟು ವಾರ ಒಣಗಿಸಿದ್ದು ಒಂದೇ ಮಧ್ಯಾಹ್ನದಲ್ಲಿ ವ್ಯರ್ಥ.

ಮಸಿಕೈ

ಎರಡು ಚಿಲ್ಲರೆ ವಿಷಯ. ಇಂಥ ಹಲಗೆಯಿಂದ 20 ಪ್ರತಿ ಒಂದೇ ತೆರನಾಗಿ ಬರುವುದಿಲ್ಲ, ಬರಿಸಲು ಹೆಣಗಲೂ ಬೇಡಿ. ವೇರಿಯಬಲ್ ಎಡಿಷನ್ ಎಂದು ಬರೆದು 1/20, 2/20 ಎಂದು ನಂಬರ್ ಹಾಕಿ. ಇನ್ನೊಂದು, ಮಣ್ಣಿನ ಇಂಕ್ ನಾಲ್ಕೈದು ದಿನಕ್ಕೆ ಒಣಗಿದ ಹಾಗೆ ಕಾಣುತ್ತದೆ, ಆದರೆ ಇದ್ದಿಲು ಬೆರೆಸಿದ್ದರೆ ಎರಡು ವಾರವಾದರೂ ಕೈಗೆ ಹತ್ತುತ್ತದೆ. ಅಲ್ಲಿಯವರೆಗೆ ಒಂದರ ಮೇಲೊಂದು ಪೇರಿಸದೆ ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಡಿ.